ಕಚ್ಚದ ಬೂಟು

ತುಮಕೂರು
ಗುರುವಾರ, ೨೧–೮–೨೦೨೫

ಪ್ರೀತಿಯ ಗುರು,

ನಿನಗೂ ಶಾಂತಲಾಗೂ ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಅಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ತಪ್ಪಾಯಿತು. ಕೋಪ ಇನ್ನೂ ಇಳಿದಿರಲಿಲ್ಲ. ಇಳಿದ ಮೇಲೂ ಕಾಗದ ಹಿಡಿದು ಕೂತಿರುವುದು ಯಾಕೆಂದರೆ, ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಮುಗಿಸೋಕೆ ಬಿಡುವುದಿಲ್ಲ. ಕಾಗದಕ್ಕೆ ನೀನು ಮಧ್ಯೆ ಬಾಯಿ ಹಾಕಲಾರೆ. ನಾಳೆ ನಿಮ್ಮ ಭಾವ ಗುಬ್ಬಿಗೆ ಬರುತ್ತಾರೆ, ಅವರ ಕೈಯಲ್ಲೇ ಕಳಿಸುತ್ತೇನೆ.

ಹೋದ ವಾರ ಬಂದವನು ಪಲ್ಲವಿಯ ಹೊಸ ಬೂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ ಬೂಟೋ ಕಾಲ್ಚೀಲನೋ? ಇದನ್ನ ಹಾಕ್ಕೊಂಡು ಇಳಿದ್ರೆ ಕಾಲು ಮುರ್ಕೊತಾಳೆ ಅಷ್ಟೆ. ಸೆಲೆಕ್ಷನ್ನೂ ಬೇಡ, ಏನೂ ಬೇಡ" ಅಂದುಬಿಟ್ಟೆಯಲ್ಲ. ಈ ಭಾನುವಾರ ಜಿಲ್ಲಾ ಫುಟ್‌ಬಾಲ್ ತಂಡದ ಆಯ್ಕೆ. ನಿನ್ನ ಮಗಳು ಜಗಳ ಆಡಲಿಲ್ಲ, ಅಳಲೂ ಇಲ್ಲ. ಬೂಟನ್ನು ಡಬ್ಬಿಗೆ ಹಾಕಿ ಮಂಚದ ಕೆಳಗೆ ತಳ್ಳಿದಳು. ಕಾಲೇಜಿಗೆ ಸೇರಿದಾಗಿನಿಂದ ನನ್ನ ಮನೆಯಲ್ಲಿರುವ ಹುಡುಗಿ ಅವಳು. ಅವಳು ಸುಮ್ಮನಾದರೆ ಈ ಮನೆಯಲ್ಲಿ ಕೂತಿರಲು ಆಗುವುದಿಲ್ಲ. "ನೀನ್ ಹೋಗಿಬಿಡೇ, ನಿಮ್ಮಪ್ಪನ್ನ ನಾನ್ ನೋಡ್ಕೋತೀನಿ" ಅಂತ ಅವಳಿಗೆ ಅಂದೆ. "ಅಪ್ಪ ಹೂಂ ಅನ್ನದೆ ನಾನ್ ಹೋಗಲ್ಲ ಅತ್ತೆ" ಅನ್ನುತ್ತಾಳೆ. ಹಟದಲ್ಲಿ ನಿನ್ನ ಮಗಳೇ.

ಸರಿ, ನಿನ್ನ ಜಗಳ ಬೂಟಿನ ಮೇಲೆ ತಾನೆ? ಹಳೆಯ ಜೊತೆ, ಹೊಸ ಜೊತೆ ಎರಡನ್ನೂ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಒಂದೇ ಕಂಪನಿ, ಒಂದೇ ಹೆಸರು. ಒಂದು ಹೋದ ವರ್ಷದ್ದು, ಒಂದು ಈ ವರ್ಷದ್ದು. ಹೋದ ವರ್ಷದ್ದನ್ನೇ ಹಗುರ ಅಂತ ಮಾರಿದ್ದರು. ಹೊಸದನ್ನು ಹಿಡಿದ ಮೇಲೆ ಅದು ಭಾರ ಅನ್ನಿಸುತ್ತಿದೆ. ಹಳೆಯದಕ್ಕೆ ಹಿಮ್ಮಡಿ ಸುತ್ತ ದಪ್ಪ ಸ್ಪಂಜು, ಪಕ್ಕಗಳು ಬಿರುಸು, ಲೇಸಿನ ಕೆಳಗೆ ನಾಲಿಗೆ ಬೇರೆ. ಹೊಸದಕ್ಕೆ ನಾಲಿಗೆಯೇ ಇಲ್ಲ, ಸ್ವೆಟರ್ ಹೆಣೆದ ಹಾಗೆ ಪಾದದ ಮೇಲೆ ಒಂದೇ ಹೆಣಿಗೆ. ನೀನು ಬಗ್ಗಿಸಿ ನೋಡಿ ಮುಖ ಸಿಂಡರಿಸಿದ್ದು ಬೆರಳಿನ ಕಡೆ. ಅಲ್ಲಿ ಬಗ್ಗಲೇಬೇಕು ಕಣೋ! ನಡುವೆ ತಿರುಚಿ ನೋಡಿದೆಯಾ? ಹಳೆಯದಕ್ಕಿಂತ ಗಟ್ಟಿ. ಹಿಮ್ಮಡಿಯ ಒಳಗೂ ಗಟ್ಟಿ ಬಟ್ಟಲಿನಂಥದ್ದು ಕೂರಿಸಿದ್ದಾರೆ. ದೂರೇ ಇಲ್ಲವೆನ್ನುವುದಿಲ್ಲ. ಯಾರಾದರೂ ಕಾಲು ತುಳಿದರೆ ಹಳೆಯದು ತಡೆಯುತ್ತಿತ್ತು, ಇದರಲ್ಲಿ ನೋವು ನೇರ ಬೆರಳಿಗೆ. ಬಾಳಿಕೆಯೂ ಅನುಮಾನ. ಬಣ್ಣವಂತೂ ಮದುವೆ ಮನೆಯ ಸೀರಿಯಲ್ ಲೈಟು.

ಆದರೆ ಒಂದು ಮಾತು. ಹಳೆಯದು ಅವಳಿಗೆ ತಿಂಗಳುಗಟ್ಟಲೆ ಕಚ್ಚಿತು. ಹಿಮ್ಮಡಿಗೆ ಪಟ್ಟಿ ಹಾಕದೆ ಅವಳು ಮೈದಾನಕ್ಕೆ ಹೋದದ್ದೇ ಇಲ್ಲ. ಹೊಸದು ಬಂದ ದಿನ ನಾನು ಹಳೇ ಅಭ್ಯಾಸದಲ್ಲಿ, "ಕೊಡೇ, ಒಂದ್ ವಾರ ನಾನ್ ಹಾಕ್ಕೊಂಡು ಪಳಗಿಸಿ ಕೊಡ್ತೀನಿ" ಅಂದೆ. ಬಿದ್ದು ಬಿದ್ದು ನಕ್ಕಳು. "ಅತ್ತೆ, ಇದಕ್ಕೆ ಅದೆಲ್ಲ ಬೇಕಿಲ್ಲ" ಅಂತ ಡಬ್ಬಿಯಿಂದ ತೆಗೆದವಳೇ ಹಾಕಿಕೊಂಡು ಇಳಿದಳು. ಸಂಜೆ ಬಂದಾಗ ಕಾಲು ನೋಡಿದೆ, ಒಂದು ಗುಳ್ಳೆಯಿಲ್ಲ. ಸಂತೋಷವಾಯಿತು. ಜೊತೆಗೆ ಒಂಥರಾ ಸಂಕಟವೂ ಆಯಿತು.

ನಿನಗೆ ನೆನಪಿರಬೇಕು. ನಿನ್ನ ಕಾಲು, ನನ್ನ ಕಾಲು ಒಂದೇ ಅಳತೆ. "ಈ ಕಾಲಿಗೆ ಗಂಡು ಎಲ್ಲಿಂದ ತರ್ಲವ್ವ" ಅಂತ ಅವ್ವ ಗೋಳಾಡುತ್ತಿದ್ದಳು. ನಿನಗೆ ಹೊಸ ಬೂಟು ಬಂತೆಂದರೆ ಹರಳೆಣ್ಣೆ ಸವರಿ, ಒದ್ದೆ ಕಾಲ್ಚೀಲದ ಮೇಲೆ ಅದನ್ನು ತೊಟ್ಟು ತಿರುಗಾಡುವುದು ನನ್ನ ಕೆಲಸ. ದೇವರ ಮನೆಯಿರುವ ಕಡೆ ಚರ್ಮದ ಬೂಟು ಕೂಡದು ಅಂತ ಅವ್ವ ನನ್ನನ್ನು ತಾರಸಿಗೆ ಅಟ್ಟುತ್ತಿದ್ದಳು. ಸಂಡಿಗೆ ತುಳಿಯದ ಹಾಗೆ ನಾನು ಅಲ್ಲಿ ಸುತ್ತುತ್ತಿದ್ದೆ. ಗುಳ್ಳೆ ನನಗೆ, ಗೋಲು ನಿನಗೆ! ಆ ಎಣ್ಣೆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಗುಬ್ಬಿಯ ಆ ಮನೆಯ ಮೆಟ್ಟಿಲು ಹತ್ತಿದ ಹಾಗಾಗುತ್ತದೆ. ಅಂಥ ದಿನಗಳು ಮತ್ತೆ ಬರುವುದಿಲ್ಲ.

ಕುಣಿಗಲ್ ಪಂದ್ಯದ ವಿಷಯಕ್ಕೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಾಲು ಮುರಿದದ್ದು ಬೂಟು ಹಗುರವಾಗಿದ್ದಕ್ಕಲ್ಲ. ಆ ಕಬ್ಬಿಣದಂಥ ಬೂಟಿನ ತಳದ ಮೊಳೆ ಕೆಸರಲ್ಲಿ ಹೂತುಕೊಂಡಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಆಸ್ಪತ್ರೆಯಲ್ಲಿ ನೀನೇ ನನಗೆ ಹೇಳಿದ ಮಾತು ಇದು. ಆಮೇಲೆ ನೀನು ಚೆಂಡು ಮುಟ್ಟಲಿಲ್ಲ. ಆ ಹೆದರಿಕೆಯನ್ನು ಮಗಳ ಕಾಲಿಗೆ ಯಾಕೆ ಕಟ್ಟುತ್ತೀಯ? ಅವಳು ಓಡುವುದನ್ನು ನೀನು ಒಂದು ಸಲವೂ ನೋಡಿಲ್ಲ. ನಾನು ದಿನಾ ನೋಡುತ್ತೇನೆ.

ಶಾಂತಲಾ ಕಳಿಸಿದ್ದ ಉಪ್ಪಿನಕಾಯಿ ಮುಗಿಯುತ್ತಾ ಬಂತು, ಇನ್ನೊಂದು ಬಾಟ್ಲಿ ಭಾವನ ಕೈಲಿ ಕೊಟ್ಟು ಕಳಿಸಲಿ. ಬಿ.ಪಿ. ಮಾತ್ರೆ ತಪ್ಪಿಸಬೇಡ. ಮನೆ ಮಂದಿಯೆಲ್ಲ ನೆಮ್ಮದಿಯಾಗಿರಿ.

ನಿನ್ನ ಅಕ್ಕ,
ದಾಕ್ಷಾಯಣಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ತಾರಸಿಯ ಮೇಲೆ ನಾನು ಬರೀ ನಡೆಯುತ್ತಿದ್ದೆ ಅಂತ ನೀವೆಲ್ಲ ತಿಳಿದಿದ್ದಿರಿ. ಹಳೇ ಬಟ್ಟೆ ಸುತ್ತಿ ಚೆಂಡು ಮಾಡಿಕೊಂಡು ಗೋಡೆಗೆ ಒದೆಯುತ್ತಿದ್ದೆ. ಎರಡು ಕಾಲಲ್ಲೂ ಒದೆಯುತ್ತಿದ್ದೆ, ಚೆನ್ನಾಗಿಯೇ ಒದೆಯುತ್ತಿದ್ದೆ ಗುರು. ಒಂದು ದಿನ ಧೈರ್ಯ ಮಾಡಿ ಅಪ್ಪನನ್ನು, "ಒಂದೇ ಒಂದ್ ಸಲ ಗುರು ಜೊತೆ ನಾನೂ ಮೈದಾನಕ್ಕೆ ಹೋಗ್ಲಾ?" ಅಂತ ಕೇಳಿದೆ. "ನಿಂಗ್ಯಾಕವ್ವ ಅದೆಲ್ಲ" ಅಂದರು. ನೀನು ಅಲ್ಲೇ ಬಾಗಿಲ ಹತ್ತಿರ ಕೂತು ಲೇಸ್ ಕಟ್ಟುತ್ತಿದ್ದೆ. "ಬರ್ಲಿ ಬುಡಪ್ಪ" ಅಂತ ನೀನೊಂದು ಮಾತು ಅಂದಿದ್ದರೆ ಸಾಕಾಗಿತ್ತು, ನಿನ್ನ ಮಾತನ್ನು ಅಪ್ಪ ಯಾವತ್ತೂ ತೆಗೆದುಹಾಕಿದವರಲ್ಲ. ನೀನು ತಲೆ ಎತ್ತಲಿಲ್ಲ. ಅಪ್ಪನ ಮೇಲಿನ ಸಿಟ್ಟು ಎಂದೋ ಹೋಯಿತು, ನಿನ್ನ ಮೇಲಿನದು ಇನ್ನೂ ಹೋಗಿಲ್ಲ. ಈಗ ನಿನ್ನ ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಅಪ್ಪನ ಜಾಗದಲ್ಲಿ ನೀನಿದ್ದೀಯ. ಆವತ್ತು ನನಗಾಗಿ ಹೇಳದೆ ಹೋದದ್ದನ್ನು ಅವಳಿಗಾದರೂ ಹೇಳು.