ನೀರಿನ ಪೆಟ್ಟಿಗೆಯ ಚಿಲಕ

ನನ್ನ ಜಾದೂಗಾರ್ತಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದ.

ನಾನು ಮಾಡಿ ಕಳಿಸಿದ ನೀರಿನ ಪೆಟ್ಟಿಗೆಯೊಳಗೆ ಇವತ್ತು ಇಳಿಯಬೇಡ ತಾಯಿ. ನಿನ್ನೆ ನಿನ್ನ ಎದುರಾಳಿ ಜಾದೂಗಾರ ನನ್ನ ಬಡಗಿ ಅಂಗಡಿಗೆ ಬಂದಿದ್ದ. “ಯಜಮಾನ್ರೇ, ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸ್ಬೇಕು” ಅಂದ. ನಾನು ಹಿಗ್ಗಿ, ಒಳಗಿನಿಂದ ತೆರೆಯುವ ಗುಟ್ಟಿನ ಚಿಲಕವನ್ನು ತೋರಿಸಿಬಿಟ್ಟೆ. ಅವನಿಗೆ ಕುಡಿಯಲು ನೀರು ತರಲು ಹೋಗಿದ್ದು ಎರಡೇ ನಿಮಿಷ. ಆಮೇಲೆ ಪೆಟ್ಟಿಗೆ ಲಾರಿ ಹತ್ತಿತು. ಇವತ್ತು ಕಸ ಗುಡಿಸುವಾಗ ಮರದ ಹೊಟ್ಟಿನಲ್ಲಿ ಆ ಚಿಲಕದ ಸ್ಪ್ರಿಂಗ್ ಸಿಕ್ಕಿತು. ಅದಿಲ್ಲದೆ ಒಳಗಿದ್ದವರು ಹೊರಗೆ ಬರುವಂತಿಲ್ಲ. ಬಸ್ ನಿಲ್ದಾಣದಲ್ಲಿ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಈ ಬಸ್ಸು ತುಂಬಿಹೋಗಿದೆ, ಚೀಟಿಯನ್ನು ಡ್ರೈವರ್ ಕೈಗೆ ಕೊಡುತ್ತಿದ್ದೇನೆ. ಮುಂದಿನ ಬಸ್ಸಿಗೆ ಬರುತ್ತೇನೆ. ಸ್ಪ್ರಿಂಗ್ ಹಾಕಿ, ನೀರು ತುಂಬಿಸಿ, ಮೊದಲು ನಾನು ಇಳಿಯುತ್ತೇನೆ. ನಾನು ಹೊರಗೆ ಬಂದರೆ ಮಾತ್ರ ನೀನು.

ದಾರಿ ಕಾಯುತ್ತಿರು,
ನಿನ್ನ ದೊಡ್ಡಪ್ಪ