ಕಾರ್ಬುರೇಟರಿನ ಅಡಿಯ ರಟ್ಟು

ಹನ್ನೊಂದನೇ ತಾರೀಖು, ಬುಧವಾರ

ಮಗನಿಗೆ,

ನಾನು ಗಟ್ಟಿಯಾಗಿದ್ದೇನೆ. ನೀನೂ ಗಟ್ಟಿಯಾಗಿರುತ್ತೀ, ಮುಖದ ಚರ್ಮವಂತೂ ಮೊದಲಿನಿಂದಲೂ ಗಟ್ಟಿ. ಕಾಗದ ತಡವಾಯಿತು. ಸಿಟ್ಟು ಇಳಿಯಲಿ ಎಂದು ನಾಲ್ಕು ದಿನ ಕಾದೆ. ಇಳಿಯಲಿಲ್ಲ, ಬರೆಯಲು ಕೂತೆ. ನಾಲ್ಕನೇ ಕ್ಲಾಸಿನ ಅಕ್ಷರ, ತಿದ್ದಿಕೊಂಡು ಓದು.

ನಿನ್ನ ಮಗಳು ನನ್ನ ಮನೆಯಲ್ಲಿದ್ದಾಳೆ. ನೀನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ. ಹಲ್ಲಿನ ಡಾಕ್ಟರ ಕಾರು ಕೆಡಿಸಿದಳೆಂದು ಅವರೆದುರೇ ಬೈದು, ಇನ್ನು ಸ್ಪ್ಯಾನರು ಮುಟ್ಟಬೇಡ ಎಂದು ಗ್ಯಾರೇಜಿನಿಂದ ಆಚೆಗೆ ಹಾಕಿದೆಯಲ್ಲ, ತಿಂಗಳಾಯಿತು. ಆರು ವರ್ಷ ನಿನ್ನ ಜೊತೆ ಗ್ರೀಸು ಬಳಿದುಕೊಂಡ ಹುಡುಗಿ. ಇಲ್ಲಿ ನನ್ನ ಅಡುಗೆಮನೆ ನಲ್ಲಿಯ ವಾಷರನ್ನು ಮೂರು ಸಲ ಬದಲಾಯಿಸಿದಳು. ನಲ್ಲಿ ಸೋರುತ್ತಲೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಡಾಕ್ಟರು ಅದೇ ಕಾರಿನಲ್ಲಿ ಬಂದರು. ಗೇಟಿನ ಮುಂದೆ ಅದು ಢಮ್ಮೆಂದು ಸಿಡಿದ ರಭಸಕ್ಕೆ, ಎರಡು ವರ್ಷದಿಂದ ಮೊಣಕಾಲು ಏಳಲ್ಲ ಎನ್ನುತ್ತಿದ್ದ ಎದುರುಮನೆ ಮುದುಕ ಕುರ್ಚಿಯಿಂದ ಎದ್ದೇಬಿಟ್ಟ. ಜೋರಾಗಿ ಓಡಿಸಿದರೆ ಏನೂ ಇಲ್ಲವಂತೆ. ನಿಧಾನಕ್ಕೆ ಹೋದರೆ ಮಾತ್ರ ತಡವರಿಸುತ್ತದೆ, ಸಿಡಿಯುತ್ತದೆ. ಇವಳು ಹೋದ ಮೇಲೆ ನಿನ್ನ ಹತ್ತಿರ ಇನ್ನೊಮ್ಮೆ ತಂದರಂತೆ. ಎರಡು ದಿನ ಇಟ್ಟುಕೊಂಡು, ಮಗಳು ಒಳಗೆಲ್ಲ ಹಾಳುಮಾಡಿದ್ದಾಳೆ, ಇಂಜಿನ್ನೇ ಬಿಚ್ಚಬೇಕು ಎಂದೆಯಂತೆ. ಇವಳನ್ನೇ ಒಂದು ಮಾತು ಕೇಳೋಣವೆಂದು ಬಂದಿದ್ದರು ಪಾಪ.

"ಮುಟ್ಟಿದ್ದಕ್ಕೇ ಇಷ್ಟಾಯ್ತು, ನಾನ್ ಬರಲ್ಲ ಅಜ್ಜಿ" ಎಂದಳು.

"ಬರಬೇಡ ಬಿಡು. ನಾನೇ ಮುಟ್ತೀನಿ, ಸೆರಗು ಫ್ಯಾನಿಗೆ ಸಿಕ್ಕಿದಾಗ ಬಂದು ಬಿಡಿಸು" ಎಂದೆ. ಬಂದಳು.

ಪ್ಲಗ್ಗು ತೆಗೆದು ನೋಡಿದಳು, ಕಿಡಿ ಸರಿಯಿತ್ತು. ಟೈಮಿಂಗು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವೆರಡು ಗ್ಯಾರೇಜಿನಲ್ಲಿ ಅವಳು ಮಾಡಿದ್ದ ಕೆಲಸ. ಕಾರ್ಬುರೇಟರ್ ತೊಳೆದು ಕೂರಿಸಿದ್ದು ನೀನು. ನಿಮ್ಮಪ್ಪ ರಿಪೇರಿ ಮಾಡುವಾಗ ನೋಡಿದ್ದೆ, ಹಾಗೇ ಇವಳಿಗೆ, ಇಂಜಿನ್ ಮೆಲ್ಲಗೆ ಓಡುವಾಗ ಜೋಡಣೆಗಳಿಗೆಲ್ಲ ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚುತ್ತಾ ಬಾ ಎಂದೆ. ಕಾರ್ಬುರೇಟರಿನ ಬುಡಕ್ಕೆ ಹಚ್ಚಿದ ಕೂಡಲೇ ನೀರನ್ನು ಸುರ್ರೆಂದು ಒಳಗೆಳೆದುಕೊಂಡಿತು, ಇಂಜಿನ್ನಿನ ಬಿಕ್ಕಳಿಕೆ ಒಂದು ಗಳಿಗೆ ನಿಂತಿತು. ಕಳ್ಳಗಾಳಿ ನುಗ್ಗುತ್ತಿದ್ದದ್ದು ಅಲ್ಲಿಂದ. ವೇಗದಲ್ಲಿ ಅಷ್ಟು ಗಾಳಿ ಲೆಕ್ಕಕ್ಕಿಲ್ಲ. ನಿಧಾನಕ್ಕೆ ಓಡುವಾಗ ಅದೇ ಜಾಸ್ತಿಯಾಗಿ, ಪೆಟ್ರೋಲು ಸಾಲದೆ ಸಿಡಿಯುತ್ತದೆ. ಬೋಲ್ಟು ಬಿಚ್ಚಿ ಎತ್ತಿದಳು. ಗಾಳಿ ನುಗ್ಗದ ಹಾಗೆ ಗ್ಯಾಸ್ಕೆಟ್ ಇರಬೇಕಾದ ಕಡೆ ರಟ್ಟು ಕತ್ತರಿಸಿ ಇಟ್ಟಿದ್ದೀ. ಪೆಟ್ರೋಲು ಕುಡಿದು ಸೊಟ್ಟಗಾಗಿತ್ತು.

ಅವಳು ಅಂಗಡಿಯಿಂದ ಸರಿಯಾದ ಗ್ಯಾಸ್ಕೆಟ್ ಹಾಳೆ ತಂದು, ಕತ್ತರಿಸಿ ಕೂರಿಸಿದಳು. ಡಾಕ್ಟರು ನಡಿಗೆಯ ವೇಗದಲ್ಲಿ ಬೀದಿ ಸುತ್ತಿ ಬಂದರು. ಕಾರು ತುಟಿಪಿಟಕ್ ಅನ್ನಲಿಲ್ಲ.

ಅವರು ಹೋದ ಮೇಲೆ ಅವಳು ಕೇಳಿದ್ದು ಒಂದೇ. "ಅಪ್ಪಂಗೆ ಗೊತ್ತಿತ್ತಾ ಅಜ್ಜಿ?"

"ಇಲ್ಲ ಕಣೇ. ಆತುರಕ್ಕೆ ರಟ್ಟು ಇಟ್ಟು ಮರೆತಿರ್ತಾನೆ" ಎಂದೆ.

ಭಾನುವಾರ ಬಾ. ಡಾಕ್ಟರನ್ನೂ ಕರೆದಿದ್ದೇನೆ. ಅವರೆದುರು ಬೈದೆಯಲ್ಲ, ಅವರೆದುರೇ ತಪ್ಪು ನನ್ನದು ಎನ್ನು, ಗ್ಯಾರೇಜಿನ ಬೀಗದಕೈಯನ್ನು ಅವಳ ಕೈಗಿಡು. ಬರದಿದ್ದರೆ ನಾನೇ ಅಲ್ಲಿಗೆ ಬರುತ್ತೇನೆ. ನನ್ನ ಬಾಯಿಗೆ ಸೈಲೆನ್ಸರ್ ಇಲ್ಲ.

ನೂರು ವರ್ಷ ಬಾಳು. ನೀನಿಲ್ಲದಿದ್ದರೆ ನಾನು ಯಾರನ್ನು ಬಯ್ಯಲಿ?

ನಿನ್ನನ್ನು ಹೆತ್ತ ತಪ್ಪಿಗೆ,
ಅಮ್ಮ

ಕಾಗದ ಮಡಿಸುವ ಮುಂಚೆ ಇನ್ನೊಂದು. ಅವಳು ಅಂಗಡಿಗೆ ಹೋಗಿದ್ದಾಗ ಆ ರಟ್ಟನ್ನು ಕೆರೆದು ತೆಗೆದವಳು ನಾನು. ಒಂದಲ್ಲ, ಒಂದಕ್ಕೊಂದು ಅಂಟಿಕೊಂಡು ಎರಡಿದ್ದವು. ಅಡಿಯದು ಹಳೆಯದು. ಮೇಲಿನದು ನಿನ್ನ ಹೊಸ ಬಿಲ್ ಪುಸ್ತಕದ ರಟ್ಟು. ಇವಳು ಹೋದ ಮೇಲೆ 'ತಂದೆ ಮಗಳ ಗ್ಯಾರೇಜು' ಎಂಬುದರಿಂದ ಮಗಳನ್ನು ತೆಗೆದು ನೀನು ಅಚ್ಚು ಹಾಕಿಸಿದೆ ಎಂದು ಶನಿವಾರ ಡಾಕ್ಟರು ಹೇಳಿದ್ದರು, ಅದೇ. ಅಚ್ಚಿನ ಮಗ್ಗುಲು ಕೆಳಗಿತ್ತು, ಅಕ್ಷರ ಕೂಡಿಸಿ ಓದಿದೆ. ಅಂದರೆ ಇವಳು ಹೋದ ಮೇಲೆ ಬಿಚ್ಚಿದ್ದೀ, ತಪ್ಪು ನಿನ್ನದೇ ಎಂದು ಕಂಡಿದ್ದೀ, ಮೇಲೊಂದು ರಟ್ಟು ಇಟ್ಟು ಮುಚ್ಚಿದ್ದೀ. ಆಮೇಲೂ ಅವಳ ಮೇಲೇ ಹೇಳಿದೆ.

ಆ ಮೇಲಿನ ರಟ್ಟನ್ನು ನಾನು ಒಲೆಗೆ ಹಾಕಿದೆ. ಅವಳಿಗೆ ಹಳೆಯದೊಂದನ್ನೇ ತೋರಿಸಿದೆ. ನಂಬಿದಳು. ತಿಂಗಳಾದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡಳು. ಇನ್ನು ನಾನು ಸಾಯುವ ತನಕ ಆ ಸುಳ್ಳನ್ನೇ ಹೇಳುತ್ತಿರಬೇಕು.