ಖಾಲಿ ಗೀಜರಿಗೆ ಆರತಿ

ಪಟ್ಟಣದ ನೀರು ಸರಬರಾಜಿನ ಹೊಣೆ ಹೊತ್ತ ಮಾನ್ಯರೇ,

ಹಬ್ಬಕ್ಕೆ ನೀರು ಬಿಡುತ್ತೇವೆಂದು ಊರೆಲ್ಲ ಸಾರಿ, ಬಿಡದೆ, ನನ್ನ ಹೊಸ ಅಳಿಯನನ್ನು ಮೈತುಂಬ ಎಣ್ಣೆಯಲ್ಲಿ ಕೂಡಿಸಿದ ಕೀರ್ತಿ ತಮ್ಮದು. ಇದು ದೂರು. ನಡುನಡುವೆ ನಾನು ನಕ್ಕರೆ ಅದನ್ನು ಕ್ಷಮೆ ಎಂದು ತಿಳಿಯಬಾರದು.

ಕಳೆದ ವರ್ಷ ಮಗಳು ಪುಷ್ಪಲತಾಳನ್ನು ತೆಲಿಗಿ ಊರಿಗೆ ಕೊಟ್ಟೆವು. ಬಚ್ಚಲಮನೆಯ ತಾಮ್ರದ ಹಂಡೆಯೂ ಅವಳ ಸಂಗಡ ಹೋಯಿತು. ಆ ಜಾಗಕ್ಕೆ ಗೀಜರ್ ಬಂತು. ಮೊದಲ ದೀಪಾವಳಿಗೆ ಅಳಿಯ ಪ್ರವೀಣಕುಮಾರ್ ಬಂದಾಗ, ಬಟನ್ ಒತ್ತಿದರೆ ಬಿಸಿನೀರು ಎಂದು ತೋರಿಸುವ ಜಂಬ ನನಗೆ. ಆದರೆ ನೀರು ತುಂಬುವ ಹಬ್ಬದ ಮಧ್ಯಾಹ್ನ ನಮ್ಮವ್ವ ನಾಗಲಿಂಗಮ್ಮ ಗೀಜರಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು. ಅಂದು ಹಂಡೆಯನ್ನು ಬರಿದು ಮಾಡಿ, ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟಿ ಎಳೆದು, ಹೊಸ ನೀರು ತುಂಬಿ ಪೂಜಿಸುವುದು ನಮ್ಮ ಪದ್ಧತಿ.

“ಲೇ ಪಾಲಾಕ್ಷ, ಹಂಡೆ ಆಗ್ಲಿ ಡಬ್ಬಿ ಆಗ್ಲಿ, ನೀರು ಕಾಸೋದು ಹೌದಲ್ಲೋ? ತೊಳೀದ ಹೆಂಗ ತುಂಬ್ತಿ? ಅಳಿಯಗ ಹಳೇ ನೀರು ಎರೀಬೇಕೇನು?”

ಅಷ್ಟರಲ್ಲಿ ತಮ್ಮ ಕಛೇರಿಯ ಆಟೋ ಮೈಕಿನಲ್ಲಿ ಕೂಗುತ್ತ ಬಂತು: “ಹಬ್ಬದ ಪ್ರಯುಕ್ತ ಇಂದು ಸಂಜೆ ಎಲ್ಲ ವಾರ್ಡುಗಳಿಗೂ ನೀರು ಬಿಡಲಾಗುವುದು.” ಕಛೇರಿಯ ಮಾತನ್ನು ನಂಬುವುದು ತಪ್ಪೇ? ತಪ್ಪೆಂದಾದರೆ ಅದನ್ನೂ ಅದೇ ಮೈಕಿನಲ್ಲಿ ಹೇಳಬಾರದಿತ್ತೇ?

ಪಕ್ಕದ ಮನೆಯ ಮೆಕ್ಯಾನಿಕ್ ಶೇಖಾವಲಿಯನ್ನು ಕರೆದೆ. ಅವನು ಪಂಪು, ಮೋಟಾರು ಬಿಚ್ಚುವವನು; ಗೀಜರ್ ಅವನಿಗೂ ಹೊಸದು. ಕರೆಂಟು ತೆಗೆದು, ಒಳಗಿನ ನೀರು ತಣ್ಣಗಾದ ಮೇಲೆ ಕೆಳಗಿನ ಬೋಲ್ಟು ತಿರುವಿದ. ಹನಿಯೂ ಇಲ್ಲ. ಹರಿದ ಛತ್ರಿಯ ಕಡ್ಡಿಯಿಂದ ಚುಚ್ಚಿದ. ಬುಳಕ್ಕನೆ ಬೆಳ್ಳಗಿನ ರಾಡಿ ಅವನ ಮೀಸೆ, ಗಡ್ಡ, ಅಂಗಿಯ ಮೇಲೆಲ್ಲ ಇಳಿಯಿತು.

“ಅಣ್ಣಾ, ಇದು ಗೀಜರ್ ಅಲ್ರಿ, ಸುಣ್ಣದ ಭಟ್ಟಿ ಐತಿ!”

ಒಂದು ವರ್ಷ ತಮ್ಮ ಕೊಳವೆಬಾವಿಯ ನೀರನ್ನು ಕಾಸಿದ ಫಲ ಅದು. ಗಸಿ, ಹಕ್ಕಳೆ, ಹರಳು ಎಲ್ಲ ಸೇರಿ ಬಕೆಟ್ಟು ತುಂಬಿತು. ತಿಳಿನೀರು ಬರುವ ತನಕ ತೊಳೆಯೋಣವೆಂದು ಮಹಡಿಯ ಟ್ಯಾಂಕಿನ ನೀರನ್ನೆಲ್ಲ ಅದರೊಳಗೆ ಬಿಟ್ಟು ಟ್ಯಾಂಕನ್ನೂ ಬರಿದು ಮಾಡಿದೆವು. ಹೇಗೂ ಸಂಜೆ ತಾವು ಇದ್ದೀರಲ್ಲ! ಅವ್ವ, “ಸುಣ್ಣಕ್ಕ ಸಂತಿಗೆ ಹೋಗೋದು ಬ್ಯಾಡ ಬಿಡು” ಎಂದು ಆ ರಾಡಿಯಲ್ಲೇ ಬೆರಳದ್ದಿ ಗೀಜರಿಗೆ ಪಟ್ಟಿ ಎಳೆದಳು. ಅದರ ಹೊಟ್ಟೆಯ ಸುಣ್ಣ ಅದರ ಹಣೆಗೇ ಬಂದದ್ದು ನೋಡಿ ಶೇಖಾವಲಿ ಬಚ್ಚಲಲ್ಲೇ ಕುಸಿದು ಕೂತು ನಕ್ಕ.

ಸಂಜೆ ನೀರು ಬರಲಿಲ್ಲ. ಖಾಲಿ ಗೀಜರಿಗೆ ಆರತಿ ಬೆಳಗಿದೆವು. ಮರುದಿನ ನಸುಕಿನಲ್ಲಿ ನಳ ಸುಂಯ್ ಎಂದಿತು. “ಬಂತು, ಬಂತು!” ಎಂದು ಅವ್ವ ಅಳಿಯನನ್ನು ಮಣೆಗೆ ಕೂಡಿಸಿ ಬಟ್ಟಲೆಣ್ಣೆಯನ್ನು ನೆತ್ತಿಗೆ ಸುರಿದೇಬಿಟ್ಟಳು. ನಳದಲ್ಲಿ ಬಂದದ್ದು ಗಾಳಿ. ಗಾಳಿಗೂ ನೀರಿನ ಕರ ಬೀಳುತ್ತದೆಯೇ, ದಯವಿಟ್ಟು ತಿಳಿಸಿರಿ.

ಪಾಪದ ಹುಡುಗ ಎದ್ದರೆ ಜಾರುತ್ತಾನೆ, ಕೂತರೆ ಮಣೆಸಮೇತ ಜಾರುತ್ತಾನೆ. ಪುಷ್ಪಲತಾ ಬಾಗಿಲ ಮರೆಯಲ್ಲಿ ಕಣ್ಣೊರೆಸಿಕೊಂಡಳು: “ಅಪ್ಪಾ, ಮದ್ಲನೇ ಹಬ್ಬಕ್ಕ ನೀರು ಸೈತ ಹಾಕ್ಲಿಲ್ಲ ಅಂತ ನಮ್ಮತ್ತಿ ಆಡಿಕೊಂಡ್ರ ನಾ ಏನ್ ಹೇಳ್ಲಿ?” ಮಾನ್ಯರೇ, ಆಗ ಮಾತ್ರ ನನಗೆ ನಗು ಬರಲಿಲ್ಲ. ನಾಚಿಕೆಯಿಂದ ಸತ್ತಂತಾಯಿತು.

ಶೇಖಾವಲಿಯ ಹೆಂಡತಿ ಮುಮ್ತಾಜ್ ಬೇಗಂ ಗೋಡೆಯಾಚೆಯಿಂದ ಕೇಳಿಸಿಕೊಂಡು ಬಿಸಿನೀರಿನ ಕೊಡ ಹೊತ್ತು ಬಂದೇಬಿಟ್ಟಳು. “ನಿಮ್ಮೊಬ್ರಿಗೇ ಅಳಿಯ ಏನ್ರಿ? ಓಣಿಗೆಲ್ಲ ಅಳಿಯ!” ಹಿಂದೆಯೇ ಎದುರುಮನೆಯ ಈರಕ್ಕ ತನ್ನ ಹಂಡೆಯಿಂದ ತೋಡಿಕೊಂಡು ಬಂದಳು. ಆಮೇಲೆ ಯಾರ ಕೊಡ ಯಾರದೋ ತಿಳಿಯದಾಯಿತು. ಅಳಿಯ ಎಣ್ಣೆಗಣ್ಣು ಬಿಟ್ಟು, “ಮಾವಾರೆ, ನಮ್ಮೂರಾಗ ಹಿಂಗ ಓಣಿ ಮಂದಿ ಎಲ್ಲ ಕೂಡಿ ಯಾರಿಗೂ ಎರದಿಲ್ರಿ! ನಮ್ಮವ್ವಗ ಇದನ್ನ ಹೇಳ್ಲೇಬೇಕು!” ಎಂದು ಕುಣಿದು, ಮತ್ತೆ ಜಾರಿದ. ಪುಷ್ಪಲತಾ ಅಳುವುದನ್ನು ಮರೆತು ನಕ್ಕಳು. ಅದೂ ಓಣಿಯವರು ಮೊದಲೇ ಹಿಡಿದಿಟ್ಟಿದ್ದ ತಮ್ಮದೇ ಗಡಸು ನೀರು, ಎಷ್ಟು ಸೀಗೆಪುಡಿ ತಿಕ್ಕಿದರೂ ಜಿಡ್ಡು ಬಿಡಲಿಲ್ಲ. ಮಿರಮಿರ ಮಿಂಚುತ್ತಲೇ ಅವನು ತೆಲಿಗಿ ಬಸ್ಸು ಹತ್ತಿದ. ಬಸ್ಸು ತಿರುವು ದಾಟಿತೋ ಇಲ್ಲವೋ, ನಮ್ಮ ನಳದಲ್ಲಿ ನೀರು ಧೋ ಎಂದು ಬಂತು!

ಗೀಜರಿನ ಗಸಿಯನ್ನು ಡಬ್ಬಿಗೆ ತುಂಬಿ ತಮ್ಮ ಕಛೇರಿಗೆ ಕಳಿಸಿದ್ದೇನೆ; ತಮ್ಮ ಸ್ವತ್ತು ತಮಗೇ ಸೇರಲಿ. ಕಛೇರಿಯ ಗೋಡೆಗೆ ಬಳಿದುಕೊಳ್ಳಬಹುದು. ಇನ್ನು ನನ್ನ ಬೇಡಿಕೆ: ಬರುವ ದೀಪಾವಳಿಗೆ ತಾವು ನಮ್ಮ ಮನೆಗೆ ಬರಲೇಬೇಕು. ಮಣೆ ಹಾಕಿರುತ್ತೇವೆ. ನಮ್ಮವ್ವ ಮೊದಲು ತಮ್ಮ ನೆತ್ತಿಗೆ ಎಣ್ಣೆ ಸುರಿಯುತ್ತಾಳೆ. ಆಮೇಲೆ ತಾವೇ ಫೋನು ಮಾಡಿ ನೀರು ಬಿಡಿಸಿಕೊಳ್ಳಿ.

ಇಂತಿ,
ತಮ್ಮ ಮೈಕನ್ನು ನಂಬಿ ಟ್ಯಾಂಕು ಬರಿದು ಮಾಡಿಕೊಂಡ,
ಪಾಲಾಕ್ಷಪ್ಪ